ಮನೆಯಲ್ಲೇ ದುಡಿಯುವವರ ಆರೋಗ್ಯ: ಕೆಲಸಕ್ಕೂ ಒಂದು ಕೊನೆ ಇರಲಿ

ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನ ಹೆಸರಿನಲ್ಲೇ ಸಂತೆ ಇದೆ. ಸಂತೆಯ ರೀತಿ ನಿಮಗೆ ಗೊತ್ತು. ಮುಂಜಾನೆ ಕೂಡುತ್ತದೆ, ಸಂಜೆ ಚದುರುತ್ತದೆ. ವ್ಯಾಪಾರಿ ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಾನೆ. ಆದರೆ ಮನೆಯಲ್ಲೇ ದುಡಿಯುವವರು ಗಂಟು ಕಟ್ಟಿಕೊಂಡು ಹೋಗುವುದಾದರೂ ಎಲ್ಲಿಗೆ?

ಸಂತೆಕಲ್ಲೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುವ, ಸೀರೆಗೆ ಫಾಲ್ ಹಚ್ಚುವ ತಾಯಂದಿರನ್ನು ನೀವು ನೋಡಿರಬಹುದು. ನೀವೇ ಅವರಲ್ಲಿ ಒಬ್ಬರಿರಬಹುದು. ಜೋಳದ ರೊಟ್ಟಿ ಬಡಿದು ಮಾರುವವರೂ ಇದ್ದಾರೆ. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಬಂದ ಮೇಲೆ, ಊರಿನ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ದೂರದ ಕಂಪನಿಗೆ ದುಡಿಯುವ ಮಕ್ಕಳೂ ಈ ಸಾಲಿಗೆ ಸೇರಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2019ರಲ್ಲೇ ಜಗತ್ತಿನಲ್ಲಿ ಸುಮಾರು 26 ಕೋಟಿ ಜನ ಮನೆಯಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು.

ಮನೆಯ ದುಡಿಮೆಯಲ್ಲಿ ಅನುಕೂಲಗಳಿವೆ. ಬಸ್ಸಿನ ಖರ್ಚಿಲ್ಲ, ಮಕ್ಕಳು ಕಣ್ಣೆದುರಿಗೇ ಇರುತ್ತಾರೆ. ತೊಂದರೆ ಇರುವುದು ಕೆಲಸಕ್ಕೆ ಕೊನೆಯಿಲ್ಲದಿರುವುದರಲ್ಲಿ.

ವಿಶ್ರಾಂತಿ ಏಕೆ ಬೇಕು?

ಮದುವೆಯ ಹಂಗಾಮಿನಲ್ಲಿ ರಾತ್ರಿ ಎಂಟಕ್ಕೆ ಯಾರೋ ಬಾಗಿಲಿಗೆ ಬರುತ್ತಾರೆ. "ಅಕ್ಕಾ, ನಾಳೆ ಮುಂಜಾನೆ ಮದುವಿಗೆ ಹೋಗಬೇಕ್ರಿ, ಹ್ಯಾಂಗಾರ ಮಾಡಿ ಕೊಡ್ರಿ" ಎನ್ನುತ್ತಾರೆ. ನೀವು ಇಲ್ಲವೆನ್ನಲಾರಿರಿ. ಮಧ್ಯರಾತ್ರಿಯವರೆಗೆ ಯಂತ್ರ ತುಳಿದು, ಬೆಳಿಗ್ಗೆ ಐದಕ್ಕೆ ಎದ್ದು ನೀರು, ರೊಟ್ಟಿ, ಮಕ್ಕಳ ಶಾಲೆ ಎಂದು ಓಡಾಡುತ್ತೀರಿ. "ಮನೆಯಲ್ಲೇ ಇರ್ತಾಳಲ್ಲ" ಎನ್ನುವ ಮಾತೂ ಕಿವಿಗೆ ಬೀಳುತ್ತದೆ.

ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕುಳಿತಾಗ ಕುತ್ತಿಗೆ, ಭುಜ ಮತ್ತು ಸೊಂಟದ ಸ್ನಾಯುಗಳು ಬಿಗಿದೇ ಇರುತ್ತವೆ. ಬಿಗಿದ ಸ್ನಾಯುವಿಗೆ ರಕ್ತದ ಹರಿವು ಕಡಿಮೆಯಾಗಿ ನೋವು ಹುಟ್ಟುತ್ತದೆ. ನಮ್ಮ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ಅದನ್ನು ಸೂಜಿಯ ಕಡೆಗೋ ಪರದೆಯ ಕಡೆಗೋ ಬಗ್ಗಿಸಿದಷ್ಟೂ ಕುತ್ತಿಗೆಯ ಮೇಲಿನ ಭಾರ ಹಲವು ಪಟ್ಟು ಏರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಲಕ್ವ ಹೊಡೆಯುವ ಸಂಭವ ಸುಮಾರು ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ. 17ರಷ್ಟು ಹೆಚ್ಚು. ನಿಮ್ಮ ವಾರದ ಗಂಟೆಗಳನ್ನು ಒಮ್ಮೆ ಎಣಿಸಿ ನೋಡಿ. ಮನೆಗೆಲಸವೂ ದುಡಿಮೆಯೇ, ಅದನ್ನು ಬಿಡಬೇಡಿ.

ಜಾಗ ಮತ್ತು ವೇಳೆ

ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಕಾರರು ಮನೆಯೊಳಗೇ ಕುಣಿಮಗ್ಗದಲ್ಲಿ ಸೀರೆ ನೇಯುತ್ತ ಬಂದಿದ್ದಾರೆ. ಅದೂ ಮೈಮುರಿಯುವ ಕೆಲಸವೇ. ಆದರೆ ಮಗ್ಗಕ್ಕೆ ಅದರದೇ ಜಾಗವಿದೆ. ಕುಣಿಯಿಂದ ಮೇಲೆದ್ದರೆ ಕೆಲಸ ನಿಂತಿತು. ಹೊಲಿಗೆ ಬಟ್ಟೆಯ ಗಂಟು, ಮೊಬೈಲು, ಲ್ಯಾಪ್‌ಟಾಪ್‌ಗಳು ಹಾಗಲ್ಲ. ಅವು ನಿಮ್ಮ ಜೊತೆ ಹಾಸಿಗೆಯವರೆಗೂ ಬರುತ್ತವೆ. ಆದ್ದರಿಂದ ಕೆಲಸಕ್ಕೆ ಒಂದು ಮೂಲೆಯನ್ನು ಗೊತ್ತುಮಾಡಿ. ಬೆಳಕು ಬರುವ ಕಿಟಕಿಯ ಬದಿ ಒಳ್ಳೆಯದು. ಮಲಗುವ ಜಾಗಕ್ಕೆ ಕೆಲಸ ತರಬೇಡಿ.

ವೇಳೆಯನ್ನೂ ಗೊತ್ತುಮಾಡಿ. ಹೊಲಿಗೆಯವರಿಗೆ ಒಂದು ಮಾದರಿ: ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3.30ರಿಂದ 6.30. ನಮ್ಮ ಕಡೆಯ ಬೇಸಿಗೆಯಲ್ಲಿ ನಡುಹಗಲಿನ ಈ ಬಿಡುವು ಮೈಗೆ ಬೇಕೇ ಬೇಕು. ರೊಟ್ಟಿ ಮಾಡುವವರು ಬಿಸಿಲೇರುವ ಮೊದಲೇ ಒಲೆಯ ಕೆಲಸ ಮುಗಿಸುವುದು ಲೇಸು. ಹೊಗೆ ಹೊರಹೋಗಲು ಕಿಟಕಿ ತೆರೆದಿಡಿ.

ಒಂದು ನೋಟ್‌ಬುಕ್ಕಿನಲ್ಲಿ ಬಟ್ಟೆ ಬಂದ ದಿನ, ಕೊಡುವ ದಿನ ಬರೆದಿಡಿ. ದಿನಕ್ಕೆ ಎಷ್ಟು ಜಂಪರು ಸಾಧ್ಯವೋ ಅಷ್ಟೇ ಒಪ್ಪಿಕೊಳ್ಳಿ. "ಬುಧವಾರ ಕೊಡ್ತೀನ್ರಿ" ಎಂದು ಮೊದಲೇ ಹೇಳಿದರೆ ಗಿರಾಕಿ ಮುನಿಸಿಕೊಳ್ಳುವುದು ಕಡಿಮೆ. ದಣಿದ ಕೈ ತಪ್ಪು ಕತ್ತರಿಸುತ್ತದೆ. ಬಿಚ್ಚಿ ಮತ್ತೆ ಹೊಲಿಯಲು ಎರಡು ಪಟ್ಟು ಹೊತ್ತು ಬೇಕು.

ಕುಳಿತುಕೊಳ್ಳುವ ರೀತಿ

ಬೆನ್ನಿಗೆ ಆಸರೆಯಿರುವ ಕುರ್ಚಿ ಬಳಸಿ. ಸೊಂಟದ ಹಿಂದೆ ಮಡಚಿದ ಟವೆಲ್ ಇಟ್ಟರೂ ಸಾಕು. ಪಾದಗಳು ನೆಲಕ್ಕೆ ಅಥವಾ ತುಳಿಯುವ ಹಲಗೆಗೆ ಸರಿಯಾಗಿ ತಾಗಲಿ. ಕಂಪ್ಯೂಟರಿನ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಅರ್ಧ ಗಂಟೆಗೊಮ್ಮೆ ಎದ್ದು, ಭುಜ ತಿರುಗಿಸಿ, ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು ಬನ್ನಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೆ ಆರಾಮ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ. ಕಣ್ಣು ಉರಿಯಲು ಅದೇ ಒಂದು ಕಾರಣ.

ಕುಳಿತು ದುಡಿಯುವವರಿಗೆ ನಡಿಗೆ ಅಗತ್ಯ. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂಜೆ ಕೆಲಸ ಮುಗಿದೊಡನೆ ಊರ ಹೊರಗೆ ಒಂದು ಸುತ್ತು ಹೋಗಿ ಬನ್ನಿ. ಇವತ್ತಿನ ಕೆಲಸ ಮುಗಿಯಿತೆಂದು ಮನಸ್ಸಿಗೂ ತಿಳಿಯುತ್ತದೆ.

ಮನೆಯವರ ಪಾಲು

ಇದೆಲ್ಲ ಒಬ್ಬರಿಂದಲೇ ಆಗುವುದಲ್ಲ. ಕೆಲಸದ ವೇಳೆಯಲ್ಲಿ ಚಹಾ, ನೀರು, ಬಾಗಿಲಿಗೆ ಬಂದವರು ಎಂದು ಹತ್ತು ಸಲ ಎಬ್ಬಿಸಿದರೆ, ಪ್ರತಿ ಸಲವೂ ಕೆಲಸದಲ್ಲಿ ಮನಸ್ಸು ನಿಲ್ಲಿಸಲು ಹೊತ್ತು ಹಿಡಿಯುತ್ತದೆ. ಮಗಳ ಹೊಲಿಗೆಯ ವೇಳೆಯಲ್ಲಿ ಒಲೆಯ ಕೆಲಸ ಮನೆಯ ಉಳಿದವರು ನೋಡಿಕೊಳ್ಳಲಿ; ಗಂಡಸರೂ ಇದಕ್ಕೆ ಹೊರತಲ್ಲ. ರಾತ್ರಿ ಪಾಳಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಗನಿಗೆ ಹಗಲು ಕತ್ತಲ ಕೋಣೆಯಲ್ಲಿ ಏಳೆಂಟು ಗಂಟೆ ನಿದ್ದೆ ಬೇಕು. "ಹಗಲೆಲ್ಲ ಮಲಗ್ತಾನ" ಎಂದು ದೂರಬೇಡಿ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಸೊಂಟದ ನೋವು ಕಾಲಿಗೆ ಇಳಿದರೆ, ವೈದ್ಯರಿಗೆ ತೋರಿಸಿ. ಸೊಂಟ ನೋವಿನೊಡನೆ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎರಡು ವಾರವಾದರೂ ಬೇಸರ, ನಿದ್ರಾಹೀನತೆ ಬಿಡದಿದ್ದರೆ ಅದನ್ನೂ ಮುಚ್ಚಿಡಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಂದು ಸಂಜೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಕಂಪ್ಯೂಟರ್ ಮುಚ್ಚಿ, ಮನೆಯವರೆಲ್ಲ ಕೂಡಿ ಊಟಕ್ಕೆ ಕುಳಿತುಕೊಳ್ಳಿ. ಉಳಿದ ಕೆಲಸ ನಾಳೆ ಬೆಳಿಗ್ಗೆ ಹತ್ತಕ್ಕೆ.