ಒಂದು ಪೆಟ್ಟಿಗೆ, ಆರು ಸಾಮಾನು, ಯಾವ ಸುಂಕ?

ಕೂದಲು ಕತ್ತರಿಸುವ ಕರೆಂಟಿನ ಮಷಿನ್ನು, ಬಾಚಣಿಗೆ, ಕತ್ತರಿ, ಬ್ರಷ್, ಒಂದು ಟವೆಲ್. ಎಲ್ಲವನ್ನೂ ಜೋಡಿಸಿಟ್ಟ ಚರ್ಮದ ಪೆಟ್ಟಿಗೆ. ಬಿಡಿಯಾಗಿ ಬಂದರೆ ಕಸ್ಟಮ್ಸ್ ಪಟ್ಟಿಯಲ್ಲಿ ಈ ಆರಕ್ಕೂ ಆರು ಹೆಡಿಂಗ್. ಒಟ್ಟಾಗಿ ಬಂದರೆ ಒಂದೇ: ಮಷಿನ್ನಿನ 85.10. ಸುಂಕದ ಮಟ್ಟಿಗೆ ಆ ಟವೆಲ್ಲೂ ಮಷಿನ್ನೇ!

ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಯಲ್ಲೇ ಇರುವ ಉದಾಹರಣೆ ಇದು. ಸರಕುಗಳನ್ನು ವರ್ಗೀಕರಿಸುವ, 1988ರಲ್ಲಿ ಜಾರಿಗೆ ಬಂದ ಎಚ್‌ಎಸ್ ಪದ್ಧತಿಯನ್ನೇ ಭಾರತದ ಸುಂಕಪಟ್ಟಿಯೂ ಅನುಸರಿಸುತ್ತದೆ. ಅದರ ನಿಯಮ 3(ಬಿ) ಪ್ರಕಾರ ‘ಸೆಟ್’ ಅನ್ನಿಸಿಕೊಳ್ಳಲು ಬೇರೆ ಬೇರೆ ಹೆಡಿಂಗಿನ ಎರಡಾದರೂ ಸಾಮಾನು ಇರಬೇಕು, ಅವೆಲ್ಲ ಸೇರಿ ಒಂದು ಕೆಲಸಕ್ಕೆ ಒದಗಬೇಕು, ಪುನಃ ಪ್ಯಾಕ್ ಮಾಡದೆ ಗಿರಾಕಿಯ ಕೈಗೆ ಕೊಡುವಂತಿರಬೇಕು.

ತಕರಾರೆಲ್ಲ ಹುಟ್ಟುವುದು ನಡುವಿನ ಷರತ್ತಿನಲ್ಲಿ. ಸ್ಪಗೆಟಿ, ತುರಿದ ಚೀಸ್, ಟೊಮೆಟೊ ಸಾಸ್ ಒಂದೇ ಡಬ್ಬಿಯಲ್ಲಿದ್ದರೆ ಅದು ಒಂದು ಊಟ, ಸ್ಪಗೆಟಿಯ 19.02ರಲ್ಲೇ ಎಲ್ಲವೂ. ಸಿಗಡಿ, ಚೀಸ್, ಸಾಸೇಜ್ ಡಬ್ಬಿಗಳನ್ನು ಒಟ್ಟಿಗೆ ಕಟ್ಟಿದರೆ ಸೆಟ್ ಅಲ್ಲ. ಒಂದು ಬಾಟಲಿ ವೈನ್, ಒಂದು ಬಾಟಲಿ ಮದ್ಯ ಇಟ್ಟ ಉಡುಗೊರೆ ಪೆಟ್ಟಿಗೆಯೂ ಅಲ್ಲ. ಎರಡನ್ನೂ ಒಂದೇ ಸಂಜೆಗೆ ಮುಗಿಸುವವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಟಿಪ್ಪಣಿ ಬರೆದವರ ಲೆಕ್ಕ ಊಟದ್ದು, ಕೂಟದ್ದಲ್ಲ.

ಸೆಟ್ ಎಂದು ಒಪ್ಪಿದ ಮೇಲೆ ಅದರ ಮೂಲಗುಣ ಯಾವ ಸಾಮಾನಿನದು ಎಂಬ ಪ್ರಶ್ನೆ. ತೂಕ, ಬೆಲೆ, ಪ್ರಮಾಣ, ಉಪಯೋಗ ಎಲ್ಲವನ್ನೂ ನೋಡಬಹುದು. ಇಂಥದ್ದೇ ಮೇಲು ಎಂದಿಲ್ಲ. ಏನು ಮಾಡಿದರೂ ಇತ್ಯರ್ಥವಾಗದಿದ್ದರೆ 3(ಸಿ) ಇದೆ: ಸಮಾನ ಹಕ್ಕಿರುವ ಹೆಡಿಂಗ್‌ಗಳಲ್ಲಿ ಅಂಕಿಯ ಪ್ರಕಾರ ಕೊನೆಯದು. ತರ್ಕ ಏನೂ ಇಲ್ಲ. ಜಗಳ ಎಲ್ಲಾದರೂ ನಿಲ್ಲಲೇಬೇಕಲ್ಲ! ಇಡೀ ನಿಯಮಾವಳಿಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸುವುದು ಇದೇ.

ಮೂಲಗುಣ ಯಾವುದರದು ಎಂಬುದು ಆಟಿಕೆ ತರಿಸುವವರಿಗೆ ದುಬಾರಿ ಪ್ರಶ್ನೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. ಚನ್ನಪಟ್ಟಣದಂಥ ಊರುಗಳ ಕುಶಲಕರ್ಮಿಗಳಿಗೆ ಅನುಕೂಲವೇ. ಮುದ್ರಿತ ಪುಸ್ತಕಕ್ಕೆ 2019ರಲ್ಲಿ ಹಾಕಿದ್ದು ಶೇ 5 ಮಾತ್ರ. ಹಾಗಾದರೆ ಗೊಂಬೆಯ ಜೊತೆ ಒಂದು ಪುಸ್ತಕ ಇಟ್ಟು ಎಲ್ಲವನ್ನೂ ಪುಸ್ತಕ ಎಂದುಬಿಟ್ಟರೆ? ಆ ಸಂದಿಗೂ ಬೀಗ ಬಿದ್ದಿದೆ. 95ನೇ ಅಧ್ಯಾಯದ ಟಿಪ್ಪಣಿಯೊಂದರ ಪ್ರಕಾರ, ನಿಯಮ 3(ಬಿ)ಯ ಸೆಟ್ ಆಗದಿದ್ದರೂ, ಚಿಲ್ಲರೆ ಮಾರಾಟಕ್ಕೆ ಒಟ್ಟಿಗೆ ಕಟ್ಟಿದ್ದರ ಮೂಲಗುಣ ಆಟಿಕೆಯದಾಗಿದ್ದರೆ ಇಡೀ ಪೆಟ್ಟಿಗೆ 95.03ಕ್ಕೇ ಹೋಗುತ್ತದೆ.

ಇನ್ನು ನಮ್ಮದೇ ಕಾಯ್ದೆಯ ಮಾತು. ಬೇರೆ ಕಾನೂನು ಬೇರೇನೂ ಹೇಳಿರದಿದ್ದರೆ, 1962ರ ಕಸ್ಟಮ್ಸ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸೆಟ್ಟಿನಲ್ಲಿ ಮೌಲ್ಯದ ಮೇಲೆ ಸುಂಕ ಬೀಳುವ ಸಾಮಾನುಗಳ ದರ ಬೇರೆ ಬೇರೆಯಾಗಿದ್ದರೆ ಅತಿ ಹೆಚ್ಚಿನದೇ ಅವಕ್ಕೆಲ್ಲ ಅನ್ವಯ. ಸುಂಕವೇ ಇಲ್ಲದ ಸಾಮಾನೂ ಆ ಗುಂಪಿನಲ್ಲಿದ್ದ ತಪ್ಪಿಗೆ ಅದನ್ನೇ ತೆರಬೇಕು. ಪಾರಾಗುವ ದಾರಿಯೂ ಅಲ್ಲೇ ಇದೆ: ಯಾವುದಕ್ಕೆ ಎಷ್ಟು ಬೆಲೆ ಎಂದು ಅಧಿಕಾರಿ ಒಪ್ಪುವಂಥ ಪುರಾವೆ ಕೊಟ್ಟರೆ ಬಿಡಿ ಬಿಡಿ ದರ. ‘ಗಿಫ್ಟ್ ಸೆಟ್, 500’ ಎಂದು ಒಂದೇ ಸಾಲಿನ ಇನ್‌ವಾಯ್ಸ್ ತರಿಸಿಕೊಂಡವರು ಆ ಪುರಾವೆಯನ್ನು ಎಲ್ಲಿಂದ ತಂದಾರು?

ಅನುಮಾನವಿದ್ದವರು ಸರಕು ಹಡಗು ಹತ್ತುವ ಮುಂಚೆಯೇ ದೆಹಲಿ ಅಥವಾ ಮುಂಬೈಯ ಮುಂಗಡ ನಿರ್ಣಯ ಪ್ರಾಧಿಕಾರವನ್ನು ಕೇಳಬಹುದು. ಅರ್ಜಿ ಶುಲ್ಕ 10,000 ರೂಪಾಯಿ, ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 3 ತಿಂಗಳು.