ಮಾತೂ ಒಂದು ಅಮಾನತ್ತು

ದೆಹಲಿಯ ಜ್ಯೋತಿಷಿ ಗಂಗು ಬ್ರಾಹ್ಮಣನ ಹೊಲ ಉಳುವಾಗ ಹಸನ್‌ಗೆ ಚಿನ್ನದ ನಾಣ್ಯಗಳು ಸಿಕ್ಕವು. ಅವನು ಅವನ್ನು ಒಡೆಯನಿಗೇ ಒಪ್ಪಿಸಿದ. ಮುಂದೆ ಸುಲ್ತಾನನಾದಾಗ ಒಡೆಯನ ನೆನಪಿಗೆ ‘ಬಹಮನಿ’ ಎನಿಸಿಕೊಂಡ. ಕಲಬುರಗಿಯವರಾದ ನಾವು ಅಮಾನತ್ತಿನ ಪಾಠಕ್ಕಾಗಿ ಮಕ್ಕಳಿಗೆ ಹೇಳುವ ಕಥೆಯಿದು.

ಹಸನ್ ಪಟ್ಟವೇರಿದ್ದು 1347ರಲ್ಲಿ. ಈ ಕಥೆ ಬರೆದ ಫೆರಿಶ್ತಾ ಬಿಜಾಪುರದಲ್ಲಿದ್ದದ್ದು 1600ರ ಸುಮಾರಿಗೆ. ಹಸನ್‌ನ ಆಶ್ರಯದಲ್ಲೇ ಇದ್ದ ಇಸಾಮಿ 1350ರಲ್ಲಿ ಮುಗಿಸಿದ ಕಾವ್ಯದಲ್ಲಿ ಈ ಕಥೆಯಿಲ್ಲ. ಹಾಗೆಂದು ಇಸಾಮಿಯ ಮಾತೆಲ್ಲ ನಿಜವೆನ್ನಲಾಗದು. ಆಶ್ರಿತನ ಲೇಖನಿ ಹೊಗಳಿಕೆಗೆ ವಾಲುತ್ತದೆ. ಇನ್ನು ತಬಾತಬಾ ‘ಬಹಮನಿ’ಯನ್ನು ಪರ್ಷಿಯಾದ ಪ್ರಾಚೀನ ದೊರೆ ಬಹಮನನ ವಂಶಕ್ಕೆ ಜೋಡಿಸಿದ.

ಸುದ್ದಿ ಬಂದಾಗ ಪರಿಶೀಲಿಸಬೇಕೆಂದು ಸೂರಃ ಹುಜುರಾತ್ ನಮಗೆ ಕಲಿಸುತ್ತದೆ. ಹೇಳಿದವರು ಯಾರು, ಯಾರಿಂದ ಕೇಳಿದರು ಎಂದು ಹದೀಸ್ ವಿದ್ವಾಂಸರು ಸನದು ನೋಡುತ್ತಿದ್ದರು. ಮಕ್ಕಳಿಗೆ ಗಂಗುವಿನ ಕಥೆ ಹೇಳೋಣ, ಆದರೆ ಕಥೆಯೆಂದೇ ಹೇಳೋಣ. ಸಿಕ್ಕ ಚಿನ್ನದಂತೆ ಕೇಳಿದ ಮಾತೂ ಅಮಾನತ್ತೇ.