ಚಟಕ್ಕೆ ಬಿದ್ದ ಹುಡುಗನನ್ನು ಸೇರಿಸುವುದೋ, ಓಡಾಡಿಸುವುದೋ?

ಮಗ ಗಾಂಜಾ ಸೇದುತ್ತಿದ್ದಾನೆ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಹೊರಡುವ ಮಾತು, "ಎಲ್ಲಾದ್ರೂ ಸೇರಿಸಿಬಿಡಿ ಸಾಮಿ." ತುಮಕೂರು ಜಿಲ್ಲೆಯ ಹಂದನಕೆರೆ ಹೋಬಳಿಯಂಥ ಕಡೆ ಆ ಮಾತಿನ ಹಿಂದೆ ಭಯದಷ್ಟೇ ನಾಚಿಕೆಯೂ ಇರುತ್ತದೆ. ಊರಿಗೆ ಸುದ್ದಿ ಹಬ್ಬುವ ಮುಂಚೆ ಹುಡುಗ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇದ್ದು, ತಿಂಗಳೊಪ್ಪತ್ತಿನಲ್ಲಿ ಸರಿಯಾಗಿ ಬರಲಿ ಎನ್ನುವ ಆಸೆ. ಹೆತ್ತವರಿಗೆ ಆ ಆಸೆ ಸಹಜ. ಆದರೆ ಹದಿನೈದು, ಹದಿನಾರು ವಯಸ್ಸಿನ ಬಹುಪಾಲು ಮಕ್ಕಳಿಗೆ ಆಸ್ಪತ್ರೆಯ ಹಾಸಿಗೆ ಬೇಕಾಗುವುದಿಲ್ಲ. ಮನೆಯಲ್ಲೇ ಇದ್ದು ಆಸ್ಪತ್ರೆಗೆ ಹೋಗಿಬರುವ ಹೊರರೋಗಿ ಚಿಕಿತ್ಸೆಯೇ ಅವರಿಗೆ ಮೊದಲ ದಾರಿ.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಲೆಕ್ಕದಲ್ಲಿ ಮದ್ಯ, ಮಾದಕ ವಸ್ತುಗಳ ಚಟದಿಂದ ಬರುವ ತೊಂದರೆಯೂ ಮಾನಸಿಕ ಕಾಯಿಲೆಯೇ. ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವ ಮುಂಚೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹೊರಗಿನ ಚಿಕಿತ್ಸೆ ಫಲಿಸಿಲ್ಲ, ಅಥವಾ ಈ ಮಗುವಿಗೆ ಅದು ಹೊಂದುವುದೇ ಇಲ್ಲ ಎಂದು ಇಬ್ಬರಿಗೂ ಅನ್ನಿಸಬೇಕು. ಇದು 87ನೇ ಸೆಕ್ಷನ್.

ಹೊರರೋಗಿ ಚಿಕಿತ್ಸೆ ಎಂದರೆ ಮಾತ್ರೆ ಬರೆಸಿಕೊಂಡು ಬರುವುದು ಎಂದು ಹಲವರು ತಿಳಿದಿದ್ದಾರೆ. ಗಾಂಜಾ ಬಿಡಿಸುವ ಮಾತ್ರೆ ಎಂದು ಒಂದಿಲ್ಲ. ಮೊದಲ ಭೇಟಿಯಲ್ಲಿ ವೈದ್ಯರು ಏನು, ಎಷ್ಟು, ಯಾವಾಗಿಂದ, ಯಾರ ಜೊತೆ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ನಿಮ್ಮನ್ನು ಹೊರಗೆ ಕೂರಿಸಿ ಹುಡುಗನೊಬ್ಬನ ಜೊತೆಗೇ ಮಾತಾಡುತ್ತಾರೆ. ಬೇಸರಪಟ್ಟುಕೊಳ್ಳಬೇಡಿ, ಅಪ್ಪನ ಎದುರು ಹೇಳದ್ದನ್ನು ಅವನು ಅಲ್ಲಿ ಹೇಳುತ್ತಾನೆ. ಖಿನ್ನತೆ ಇದೆಯೇ, ಓದಿನಲ್ಲಿ ಸೋತಿದ್ದಾನೆಯೇ, ಒಂದು ಕಡೆ ಗಮನ ನಿಲ್ಲದ ತೊಂದರೆ ಚಿಕ್ಕಂದಿನಿಂದ ಇತ್ತೇ ಎಂದೂ ನೋಡುತ್ತಾರೆ. ಎಷ್ಟೋ ಸಲ ಚಟದ ಬೇರು ಅಲ್ಲೇ ಸಿಗುತ್ತದೆ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೌನ್ಸೆಲಿಂಗ್, ಆಗೀಗ ಮೂತ್ರ ಪರೀಕ್ಷೆ, ಮನೆಯವರ ಜೊತೆ ಮಾತು. ಅಮೆರಿಕದಲ್ಲಿ ಗಾಂಜಾ ಸೇದುವ 600 ಹದಿಹರೆಯದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಕೊಟ್ಟದ್ದು ಹೊರರೋಗಿ ಚಿಕಿತ್ಸೆಯೇ. ಬರೀ ಐದು ಭೇಟಿಗಳ ಕೌನ್ಸೆಲಿಂಗ್‌ನಿಂದಲೂ ಅಲ್ಲಿ ಒಳ್ಳೆಯದಾಯಿತು.

ಈ ದಾರಿಯ ಕಷ್ಟವೂ ಗೊತ್ತಿರಲಿ. ಹುಡುಗ ಸಂಜೆಗೆ ಅದೇ ಊರಿಗೆ, ಅದೇ ಗೆಳೆಯರ ಬಳಿಗೆ ಬರುತ್ತಾನೆ. ಸೇದಲು ಸೇರುತ್ತಿದ್ದ ತೋಟದ ಮೋಟಾರ್ ಮನೆ ಅಲ್ಲೇ ಇರುತ್ತದೆ. ರಜೆಯಲ್ಲಿ ಕಾಯಿ ಸುಲಿಯಲು ಹೋದರೆ ಸಂಜೆ ಕೈಗೆ ನೋಟು ಬರುತ್ತದೆ, ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಈ ಚಿಕಿತ್ಸೆಯ ಅರ್ಧ ಭಾಗ ಮನೆಯಲ್ಲೇ ನಡೆಯಬೇಕು. ಕೂಲಿ ದುಡ್ಡು ಕೆಲವು ತಿಂಗಳು ಅಮ್ಮನ ಕೈಗೆ ಬರಲಿ. ಶಾಲೆ, ಕಾಲೇಜು ತಪ್ಪದಿರಲಿ. ಹೊಡೆತ ನಿಲ್ಲಲಿ. ಅಪ್ಪ ಕುಡಿಯುತ್ತಿದ್ದರೆ ಅವನೂ ಚಿಕಿತ್ಸೆಗೆ ಬರಲಿ.

ಹಾಗಾದರೆ ಸೇರಿಸಲೇಬೇಕಾದದ್ದು ಯಾವಾಗ? ದಿನಾ ಕುಡಿಯುವವನು ಬಿಟ್ಟಾಗ ಕೈ ನಡುಗಿ, ಬೆವೆತು, ಫಿಟ್ಸ್ ಬರಬಹುದು. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನಗಳಲ್ಲಿ ಬರುತ್ತದೆ, ಜೀವಕ್ಕೇ ಅಪಾಯ. ಅಂಥವನನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಅಫೀಮಿನ ಜಾತಿಯ ನೋವಿನ ಮಾತ್ರೆ ಅಥವಾ ಇಂಜೆಕ್ಷನ್ ಹಿಡಿದವರಿಗೆ, ಯಾರೋ ಕರೆದಂತೆ ಕೇಳಿಸುತ್ತಿರುವವರಿಗೆ, ಸಾಯುವ ಮಾತಾಡುವವರಿಗೆ, ಓಡಾಡಿಯೂ ಬಿಡಲಾಗದವರಿಗೆ ಒಳರೋಗಿ ಚಿಕಿತ್ಸೆ ಬೇಕಾಗುತ್ತದೆ. ಗಾಂಜಾ ಒಂದನ್ನೇ ಬಿಟ್ಟರೆ ನಿದ್ದೆಗೇಡು, ಸಿಡುಕು ಒಂದೆರಡು ವಾರ ಕಾಡುತ್ತವೆ, ಮನೆಯಲ್ಲೇ ತಡೆದುಕೊಳ್ಳಬಹುದು.

ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಚಟದ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡದ್ದು ಇದೊಂದೇ: 10ರಿಂದ 17 ವಯಸ್ಸಿನವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಮೂಸಿದ ಕೂಡಲೇ ಹೃದಯ ನಿಂತು ಹೋಗುವುದೂ ಉಂಟು. ಇದು ಗೊತ್ತಾದರೆ ಒಂದು ದಿನವೂ ಕಾಯಬೇಡಿ.

ಸೇರಿಸುವುದೇ ಆದರೆ ಮಗನನ್ನು ಬಿಟ್ಟು ಬರುವ ಹಾಗಿಲ್ಲ. ಪೋಷಕರೋ ಅವರು ಗೊತ್ತುಮಾಡಿದ ಒಬ್ಬರೋ ಇರುವಷ್ಟು ದಿನವೂ ಜೊತೆಗಿರಬೇಕು, ಹುಡುಗಿಯಾದರೆ ಹೆಂಗಸರೇ ಇರಬೇಕು. ಅದೂ 87ನೇ ಸೆಕ್ಷನ್ನಿನ ನಿಯಮವೇ. ತೋಟಕ್ಕೆ ನೀರು ಬಿಡುವವರು ಯಾರು, ಹಸು ಕರೆಯುವವರು ಯಾರು ಎಂಬುದನ್ನು ಮೊದಲೇ ಯೋಚಿಸಿಕೊಳ್ಳಿ. ಮಕ್ಕಳನ್ನು ದೊಡ್ಡವರ ಜೊತೆ ಒಂದೇ ವಾರ್ಡಿನಲ್ಲಿ ಇಡುವಂತಿಲ್ಲ. ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡುವುದು ಕಾನೂನು ನಿಷೇಧಿಸಿದ ಕೆಲಸ. "ಬಿಟ್ಟು ಹೋಗಿ, ಮೂರು ತಿಂಗಳು ಈ ಕಡೆ ಬರಬೇಡಿ" ಎನ್ನುವ ಸೆಂಟರ್‌ನ ಮೆಟ್ಟಿಲು ಹತ್ತಬೇಡಿ. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ನಮ್ಮ ಕಡೆ ಪರಿಚಿತವಾದ ಮದ್ಯವರ್ಜನ ಶಿಬಿರಗಳು ಕುಡಿಯುವ ದೊಡ್ಡವರಿಗಾಗಿ ಇರುವಂಥವು, ಹುಡುಗರನ್ನು ಅಲ್ಲಿಗೆ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ.

ಡಿಸ್ಚಾರ್ಜ್ ಆದ ಮೇಲಿನ ಕೆಲವು ವಾರಗಳೇ ಹೆಚ್ಚು ಅಪಾಯದವು. ಅಫೀಮಿನ ಮಾತ್ರೆ, ಇಂಜೆಕ್ಷನ್ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಸೇರಿಸಿದ್ದು ಎರಡು ವಾರವಾದರೆ ಆಮೇಲಿನ ಓಡಾಟ ಒಂದು ವರ್ಷದ್ದು. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುವವರು ನಾವು, ಮಗನ ವಿಷಯದಲ್ಲೂ ಅಷ್ಟು ತಾಳ್ಮೆ ಇರಲಿ.

ಪೊಲೀಸರ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ. ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ, ಅದನ್ನು ಪೂರ್ತಿ ಮಾಡಿದರೆ, ಶಿಕ್ಷೆಯ ಕ್ರಮದಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಮಾದಕ ವಸ್ತು ಕಾಯ್ದೆಯಲ್ಲೇ ಇದೆ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವನಿಗೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು.

ಶುರು ಮಾಡಲು ಬೆಂಗಳೂರಿಗೇ ಓಡಬೇಕಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಕೈಮೀರಿದ್ದಕ್ಕೆ ಅಲ್ಲಿಂದಲೇ ಜಿಲ್ಲಾ ಆಸ್ಪತ್ರೆಗೋ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೋ ಚೀಟಿ ಬರೆಸಿಕೊಳ್ಳಬಹುದು. ಅಲ್ಲಿಯವರೆಗೂ ಕಾಯಲಾಗದಿದ್ದರೆ ಇವತ್ತೇ ಫೋನ್ ಮಾಡಿ: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ.